ಹೆಸರುಗಳ ಅರ್ಥವನ್ನು ವಿಚಾರಿಸಿದ ಜೆರೋಮನು

ಹುಬ್ಬಳ್ಳಿಯ ಗೋಕುಲ ರಸ್ತೆಯ ಹೆಸರನ್ನು ಹೇಳಿದ ಕೂಡಲೆ ಅದರ ಅರ್ಥವನ್ನು ನಮ್ಮವರಿಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಗೋಕುಲವೆಂದರೆ ಆಕಳುಗಳ ಹಿಂಡು, ಅವು ಸೇರಿರುವ ಹಟ್ಟಿ ಎಂದು ರೈತನ ಮಗನೂ ಬಲ್ಲನು. ಆದರೆ ಅದೇ ರಸ್ತೆಯ ಒಂದು ಮನೆಯಲ್ಲಿ ನಾವು ಕುಳಿತು ಆದಿಕಾಂಡದ ಐದನೆಯ ಅಧ್ಯಾಯವನ್ನಾಗಲಿ, ಮತ್ತಾಯನ ಸುವಾರ್ತೆಯ ಮೊದಲನೆಯ ಅಧ್ಯಾಯವನ್ನಾಗಲಿ ಓದುವಾಗ ಹೆಸರಿನ ಮೇಲೆ ಹೆಸರು ಬಂದು ಕಿವಿಗೆ ಬರಿಯ ಶಬ್ದವಾಗಿ ತೋರುತ್ತದೆ. ಓದುವವನು ತೊದಲುತ್ತಾನೆ, ಕೇಳುವವರು ತೂಕಡಿಸುತ್ತಾರೆ, ಅನೇಕರು ಹಾಳೆಯನ್ನು ಮಗುಚಿ ಮುಂದಕ್ಕೆ ಹೋಗುತ್ತಾರೆ. ಹಾಗೆ ದಾಟಿಹೋಗದೆ ಒಂದೊಂದು ಹೆಸರಿನ ಬಳಿಯಲ್ಲಿಯೂ ನಿಂತು ಇದರ ಅರ್ಥವೇನೆಂದು ವಿಚಾರಿಸಿದ ಒಬ್ಬ ಪುರುಷನ ಚರಿತ್ರೆಯನ್ನು ಈ ಸಾರಿ ಹೇಳುವೆವು.

ಆತನ ಹೆಸರು ಜೆರೋಮನು. ಗ್ರೀಕು ಭಾಷೆಯಲ್ಲಿ ಇದು ಹಿಯೆರೋನಿಮ, ಅಂದರೆ ಪವಿತ್ರನಾಮ. ಆತನು ಸುಮಾರು 347ನೆಯ ಇಸವಿಯಲ್ಲಿ ದಲ್ಮಾತ್ಯ ಸೀಮೆಯ ಎಲ್ಲೆಯಲ್ಲಿದ್ದ ಸ್ತ್ರಿದೋನೆಂಬ ಊರಿನಲ್ಲಿ ಕ್ರೈಸ್ತ ತಂದೆತಾಯಿಗಳಿಗೆ ಹುಟ್ಟಿದನು. ರೋಮಾಪುರದಲ್ಲಿ ದೊನಾತನೆಂಬ ಪ್ರಸಿದ್ಧ ವ್ಯಾಕರಣ ಪಂಡಿತನ ಶಿಷ್ಯನಾಗಿ ಲತೀನು ವಿದ್ಯೆಯನ್ನು ಕಲಿತು, ಅಲ್ಲಿಯೇ ದೀಕ್ಷಾಸ್ನಾನವನ್ನು ಹೊಂದಿದನು. ಇಂಪಾದ ಲತೀನು ಗ್ರಂಥಗಳ ಮೇಲೆ ಆತನಿಗೆ ಬಹು ಮೋಹವಿತ್ತು. ಸತ್ಯವೇದದ ಸರಳವಾದ ಮಾತುಗಳು ಆತನಿಗೆ ಒರಟಾಗಿ ಕಂಡವು. ಅಂತಿಯೋಕ್ಯದಲ್ಲಿ ಜ್ವರದಿಂದ ಸಾಯುವ ಹಾಗಿದ್ದಾಗ ಆತನು ಒಂದು ಕನಸನ್ನು ಕಂಡನು. ಅದರಲ್ಲಿ ಆತನು ನ್ಯಾಯಾಸನದ ಮುಂದೆ ನಿಲ್ಲಿಸಲ್ಪಟ್ಟು, ಕ್ರಿಸ್ತನ ಶಿಷ್ಯನಲ್ಲ, ಲತೀನು ವಾಗ್ಮಿಯಾದ ಸಿಸೆರೋವಿನ ಶಿಷ್ಯನೆಂದು ಗದರಿಸಲ್ಪಟ್ಟನು. ಆ ಕನಸು ಆತನ ಜೀವಿತವನ್ನು ತಿರುಗಿಸಿತು.

ಸುಮಾರು 375ರಲ್ಲಿ ಆತನು ಸಿರಿಯ ದೇಶದ ಖಾಲ್ಕಿಸ್ ಅರಣ್ಯಕ್ಕೆ ಹೋಗಿ ಸಂನ್ಯಾಸಿಯಾದನು. ಅಲ್ಲಿಯೂ ಮನಸ್ಸು ರೋಮಾಪುರದ ಭೋಗಗಳ ಕಡೆಗೆ ಓಡುತ್ತಿದ್ದುದರಿಂದ ಅದನ್ನು ಬಿಗಿಹಿಡಿಯುವದಕ್ಕಾಗಿ ಇಬ್ರಿಯ ಭಾಷೆಯನ್ನು ಕಲಿಯಲಾರಂಭಿಸಿದನು. ಕ್ರೈಸ್ತನಾಗಿದ್ದ ಒಬ್ಬ ಯೆಹೂದ್ಯನು ಆತನಿಗೆ ಗುರುವಾದನು. ಇಂಪಾದ ಮಾತಿಗೆ ಒಗ್ಗಿದ ಆತನ ನಾಲಿಗೆಗೆ ಗಂಟಲಿನಿಂದ ಹೊರಡುವ ಆ ಅಕ್ಷರಗಳು ಬಹು ಕಠಿಣವಾದವು. ಎಷ್ಟೋ ಸಾರಿ ಬೇಸತ್ತು ಬಿಟ್ಟನು, ತಿರಿಗಿ ಹಿಡಿದನು.

ಬಳಿಕ 382ರಿಂದ 385ರ ವರೆಗೆ ಆತನು ರೋಮಾಪುರದಲ್ಲಿದ್ದು ಅಲ್ಲಿಯ ಬಿಷಪನಾದ ದಮಾಸನ ಅಪ್ಪಣೆಯಂತೆ ಲತೀನು ಸುವಾರ್ತೆಗಳನ್ನು ತಿದ್ದಿದನು. ಆತನ ನಾಲಿಗೆ ಬಹು ತೀಕ್ಷ್ಣವಾಗಿದ್ದದರಿಂದ ಶತ್ರುಗಳು ಹೆಚ್ಚಿದರು. ದಮಾಸನು ತೀರಿಕೊಂಡ ಮೇಲೆ ಆತನು ಊರನ್ನು ಬಿಟ್ಟು, 386ರಲ್ಲಿ ಬೇತ್ಲೆಹೇಮಿನಲ್ಲಿ ನೆಲೆಗೊಂಡನು. ಪೌಲಾ ಎಂಬ ಐಶ್ವರ್ಯವಂತಳಾದ ವಿಧವೆಯೂ ಆಕೆಯ ಮಗಳಾದ ಯೂಸ್ತೋಕಿಯಳೂ ಅಲ್ಲಿಗೆ ಬಂದು ತಮ್ಮ ಹಣದಿಂದ ಮಠಗಳನ್ನು ಕಟ್ಟಿಸಿದರು. ಈ ಸ್ತ್ರೀಯರು ತಾವೂ ಇಬ್ರಿಯ ಭಾಷೆಯನ್ನು ಕಲಿತು, ಕೀರ್ತನೆಗಳನ್ನು ಆ ಭಾಷೆಯಲ್ಲಿಯೇ ಹಾಡುತ್ತಿದ್ದರು. ಜೆರೋಮನಿಗೆ ಬರಾನೀನನೆಂಬ ಯೆಹೂದ್ಯನು ರಾತ್ರಿವೇಳೆಯಲ್ಲಿ ಬಂದು ಪಾಠ ಹೇಳುತ್ತಿದ್ದನು. ಹಗಲಿನಲ್ಲಿ ಬರಲು ಆತನು ಸ್ವಜನರಿಗೆ ಹೆದರಿದನು. ಜೆರೋಮನಾದರೋ ಯೆಹೂದ್ಯನಿಂದ ಕಲಿಯುತ್ತಾನೆಂದು ಕ್ರೈಸ್ತರಿಂದಲೇ ನಿಂದೆಯನ್ನು ಹೊಂದಿದನು.

ಸುಮಾರು 390ರಲ್ಲಿ ಆತನು ಇಬ್ರಿಯ ಹೆಸರುಗಳ ಅರ್ಥವನ್ನು ಹೇಳುವ ಪುಸ್ತಕವನ್ನು ಬರೆದನು. ಹಿಂದಿನ ಗ್ರೀಕು ಪಟ್ಟಿಗಳನ್ನು ಆಧಾರಮಾಡಿಕೊಂಡು, ವೇದದ ಒಂದೊಂದು ಪುಸ್ತಕದಲ್ಲಿರುವ ಹೆಸರುಗಳನ್ನು ಅಕ್ಷರಕ್ರಮವಾಗಿ ಇಟ್ಟನು. ಆದಾಮನೆಂದರೆ ಮನುಷ್ಯನು, ಮಣ್ಣಿನವನು, ಕೆಂಪು ಮಣ್ಣು ಎಂದು ಅದರಲ್ಲಿ ಕಾಣುತ್ತೇವೆ. ನಮ್ಮ ಮಸಾರಿ ಹೊಲವನ್ನು ಉಳುವವನಿಗೆ ಈ ಅರ್ಥವು ಎಷ್ಟು ಹತ್ತಿರವಾದದ್ದು! ಬೇತ್ಲೆಹೇಮೆಂದರೆ ರೊಟ್ಟಿಯ ಮನೆ. ಕೆಲವು ಹೆಸರುಗಳ ಅರ್ಥವನ್ನು ವೇದವೇ ಬಿಚ್ಚಿ ಹೇಳುತ್ತದೆ. ಭೂಮಿಯ ಕಷ್ಟದಲ್ಲಿ ಈ ಮಗನಿಂದ ಉಪಶಮನವಾಗಲೆಂದು ಲೆಮೆಕನು ಮಗನಿಗೆ ನೋಹನೆಂದು ಹೆಸರಿಟ್ಟನು. ಪೆಲೆಗನ ದಿನಗಳಲ್ಲಿ ಭೂಮಿ ವಿಭಾಗವಾದದರಿಂದ ಅವನ ಹೆಸರು ವಿಭಾಗವೆಂದಾಯಿತು. ರೂತಳ ಮಗನಾದ ಓಬೇದನ ಹೆಸರಿಗೆ ಸೇವಕನೆಂದರ್ಥ. ಹೀಗೆ ವಂಶಾವಳಿಯು ಸತ್ತವರ ಬರಿಯ ಪಟ್ಟಿಯಾಗಿರದೆ, ತಂದೆತಾಯಿಗಳ ದುಃಖವೂ ನಿರೀಕ್ಷೆಯೂ ಬರೆದಿಟ್ಟ ಪುಸ್ತಕವೆಂದು ತಿಳಿಯುತ್ತದೆ.

ಆದರೂ ಜೆರೋಮನ ಪುಸ್ತಕದಲ್ಲಿ ತಪ್ಪುಗಳಿಲ್ಲದೆ ಇಲ್ಲ. ಫಿಲಿಪ್ಪನೆಂಬದು ಗ್ರೀಕು ಹೆಸರು. ಅದಕ್ಕೆ ಕುದುರೆಗಳನ್ನು ಪ್ರೀತಿಸುವವನೆಂದರ್ಥ. ಪುಸ್ತಕದಲ್ಲಿಯಾದರೋ ಅದನ್ನು ಇಬ್ರಿಯ ಶಬ್ದದಂತೆ ಒಡೆದು ದೀಪದ ಬಾಯಿ ಎಂದು ಹೇಳಿದೆ. ಇದು ಕಿವಿಗೆ ಚೆನ್ನಾಗಿದೆ, ಆದರೆ ಸತ್ಯವಲ್ಲ. ಈ ಕಾಲದಲ್ಲಿಯೂ ಕೆಲವರು ಆದಾಮನಿಂದ ನೋಹನ ವರೆಗಿನ ಹತ್ತು ಹೆಸರುಗಳನ್ನು ಹೂವಿನಂತೆ ಪೋಣಿಸಿ, ಅವುಗಳಲ್ಲಿ ಒಂದು ಗುಪ್ತವಾದ ಪ್ರಸಂಗವಿದೆಯೆಂದು ಹೇಳುವದುಂಟು. ಆದರೆ ಕೇನಾನ, ಮೆತೂಷೆಲಹ, ಲೆಮೆಕ ಎಂಬ ಹೆಸರುಗಳ ಅರ್ಥದಲ್ಲಿ ವಿದ್ವಾಂಸರಿಗೆ ಒಮ್ಮತವಿಲ್ಲ. ಬೇಕಾದ ಅರ್ಥವನ್ನು ಮೊದಲು ಮನಸ್ಸಿನಲ್ಲಿಟ್ಟುಕೊಂಡು ಆಮೇಲೆ ಹೆಸರನ್ನು ಹಿಂಡಿದರೆ ಯಾವ ಹೆಸರಿನಿಂದಲಾದರೂ ಯಾವ ರಸವಾದರೂ ಸುರಿದೀತು.

ಸುಮಾರು 390ರಿಂದ 405ರ ವರೆಗೆ ಜೆರೋಮನು ಹಳೆಯ ಒಡಂಬಡಿಕೆಯನ್ನು ಇಬ್ರಿಯ ಮೂಲದಿಂದಲೇ ಲತೀನಿಗೆ ತಂದನು. ಆಗ ಎದ್ದ ಗದ್ದಲವು ಅಲ್ಪವಲ್ಲ. ಆಫ್ರಿಕದ ಒಂದು ಸಭೆಯಲ್ಲಿ ಯೋನನಿಗೆ ನೆರಳು ಕೊಟ್ಟ ಗಿಡದ ಹೆಸರು ಹಳೆಯ ಪಾಠಕ್ಕಿಂತ ಬೇರೆಯಾಗಿ ಓದಲ್ಪಟ್ಟಿತು. ಆ ಒಂದೇ ಶಬ್ದಕ್ಕಾಗಿ ಜನರು ದೊಂಬಿಯೆಬ್ಬಿಸಲು ಬಿಷಪನು ತನ್ನ ಸಭೆಯನ್ನೇ ಕಳಕೊಳ್ಳುವ ಹಾಗಾಯಿತು. ಪ್ರಖ್ಯಾತನಾದ ಅಗಸ್ತೀನನು ಈ ಸಂಗತಿಯನ್ನು ಬರೆದು ಜೆರೋಮನನ್ನು ಎಚ್ಚರಿಸಿದನು. ಆದರೂ ಜೆರೋಮನು ಜನರ ರೂಢಿಗಾಗಿ ಮೂಲವನ್ನು ಬಿಡಲಿಲ್ಲ.

404ರಲ್ಲಿ ಪೌಲಾ ತೀರಿಕೊಂಡಳು. 410ರಲ್ಲಿ ರೋಮಾಪುರವು ಸೂರೆಯಾಗಲು ದಿಕ್ಕಿಲ್ಲದವರು ಬೇತ್ಲೆಹೇಮಿಗೆ ಓಡಿಬಂದರು. ಆಗ ಮುದುಕನಾದ ಜೆರೋಮನು ಲೇಖನಿಯನ್ನು ಕೆಳಗಿಟ್ಟು ಅವರಿಗೆ ಆಸರೆಕೊಟ್ಟನು. ರೊಟ್ಟಿಯ ಮನೆಯೆಂಬ ಅರ್ಥವನ್ನು ಬರೆದವನು ಆ ಹೆಸರಿಗೆ ತಕ್ಕ ಹಾಗೆ ನಡಕೊಂಡನು. 416ರಲ್ಲಿ ದುಷ್ಟರು ಮಠಗಳಿಗೆ ಬೆಂಕಿಯಿಟ್ಟರು. 420ರಲ್ಲಿ ಆತನು ಅದೇ ಊರಿನಲ್ಲಿ ಮರಣಹೊಂದಿದನು.

ಬಳ್ಳಾರಿಯಲ್ಲಿ ಸೇವೆಮಾಡಿದ ಹ್ಯಾಂಡ್ಸ್, ರೀವ್ ಮುಂತಾದವರ ಪ್ರಯಾಸದಿಂದ 1831ರಲ್ಲಿ ಸಂಪೂರ್ಣ ಸತ್ಯವೇದವು ಕನ್ನಡದಲ್ಲಿ ನಮಗೆ ದೊರೆಯಿತು. ಅದರಲ್ಲಿ ಇಬ್ರಿಯ ಹೆಸರುಗಳ ಧ್ವನಿಯು ಕನ್ನಡ ಅಕ್ಷರಗಳಲ್ಲಿ ಬಂತು, ಅರ್ಥವು ಹಿಂದೆಯೇ ಉಳಿಯಿತು. ಆದಕಾರಣ, ವಾಚಕರೇ, ವಂಶಾವಳಿಯು ಬಂದಾಗ ಹಾಳೆಯನ್ನು ಮಗುಚಬೇಡಿರಿ. ಒಂದು ಹೆಸರನ್ನು ಹಿಡಿದು, ವೇದವೇ ಅದರ ಅರ್ಥವನ್ನು ಹೇಳುತ್ತದೋ ಎಂದು ಮೊದಲು ನೋಡಿರಿ. ಹೇಳದಿದ್ದರೆ ಬಲ್ಲವರನ್ನು ಕೇಳಿರಿ, ಕೇಳುವದಕ್ಕೆ ನಾಚಬೇಡಿರಿ. ಬಲ್ಲವರೂ ಸಂದೇಹಪಟ್ಟಲ್ಲಿ ಕಲ್ಪಿಸದೆ ಸುಮ್ಮನಿರಿ. ನಿಮ್ಮ ಮಗುವಿಗೆ ಹೆಸರಿಡುವ ದಿನದಲ್ಲಿ ಆ ಹೆಸರಿನ ಅರ್ಥವನ್ನು ಮನೆಯವರೆಲ್ಲರಿಗೂ ತಿಳಿಸಿರಿ. ಆ ಮಗುವು ದೊಡ್ಡದಾದ ಮೇಲೆ ತನ್ನ ಹೆಸರಿನ ಅರ್ಥವೇನೆಂದು ಕೇಳುವದು. ಆಗ ಅದಕ್ಕೆ ಉತ್ತರವು ಸಿದ್ಧವಾಗಿರಲಿ.