ಮಕ್ಕಳ ಹಲ್ಲಿನ ಕ್ಲಿಪ್ ಹಿಂದಿರುವ ಹಟವಾದಿ: ಡಾ. ಎಡ್ವರ್ಡ್ ಆ್ಯಂಗಲ್

ದುಬೈಯ ಕರಾಮ ಇರಲಿ, ಕುವೈತ್‌ನ ಸಾಲ್ಮಿಯಾ ಇರಲಿ, ದೂರದ ಟೆಕ್ಸಾಸ್‌ನಲ್ಲಿ ಹ್ಯೂಸ್ಟನ್ ಪಕ್ಕದ ದ ವುಡ್‌ಲ್ಯಾಂಡ್ಸ್ ಇರಲಿ, ಹತ್ತು ಹನ್ನೆರಡು ವರ್ಷದ ಮಕ್ಕಳಿರುವ ಮನೆಯಲ್ಲಿ ಒಂದಲ್ಲ ಒಂದು ದಿನ ಈ ಮಾತು ಬರುತ್ತದೆ: ಹಲ್ಲಿಗೆ ಕ್ಲಿಪ್ ಹಾಕಿಸಬೇಕಾ? ಎಷ್ಟು ಖರ್ಚು? ಇಲ್ಲೇ ಹಾಕಿಸೋದಾ, ಊರಿಗೆ ಹೋದಾಗಲಾ? ಒಳ್ಳೆಯ ಹಲ್ಲನ್ನೂ ಕೀಳಿಸಬೇಕಂತೆ, ಹೌದಾ?

ಈ ಕೊನೆಯ ಪ್ರಶ್ನೆಗೆ ನೂರು ವರ್ಷಕ್ಕೂ ಹೆಚ್ಚಿನ ಇತಿಹಾಸವಿದೆ. ಅದರ ನಡುವೆ ನಿಂತವರು ಅಮೆರಿಕದ ಡಾ. ಎಡ್ವರ್ಡ್ ಹಾರ್ಟ್ಲಿ ಆ್ಯಂಗಲ್. ಆಧುನಿಕ ದಂತ ವಕ್ರತೆ ಚಿಕಿತ್ಸೆಯ ಪಿತಾಮಹ ಎಂದು ಜಗತ್ತು ಇವರನ್ನು ಕರೆಯುತ್ತದೆ.

ರೈತನ ಮಗ, ಕುರಿ ಸಾಕಣೆಯಲ್ಲಿ ಸೋಲು

ಆ್ಯಂಗಲ್ ಹುಟ್ಟಿದ್ದು 1855ರ ಜೂನ್ 1ರಂದು, ಪೆನ್ಸಿಲ್ವೇನಿಯಾದ ಹೆರಿಕ್ ಎಂಬ ಹಳ್ಳಿಯಲ್ಲಿ. ಏಳು ಮಕ್ಕಳಲ್ಲಿ ಐದನೆಯವರು. 1878ರಲ್ಲಿ ಫಿಲಡೆಲ್ಫಿಯಾದಲ್ಲಿ ದಂತವೈದ್ಯ ಪದವಿ ಪಡೆದು ಟೊವಾಂಡ ಎಂಬ ಸಣ್ಣ ಪಟ್ಟಣದಲ್ಲಿ ಕ್ಲಿನಿಕ್ ತೆರೆದರು. ಅಷ್ಟರಲ್ಲಿ ಶ್ವಾಸಕೋಶದ ಕಾಯಿಲೆ ಹಿಡಿಯಿತು. ಹವಾ ಬದಲಾವಣೆಗಾಗಿ ಊರು ಬಿಟ್ಟು ಮಿನ್ನೆಸೋಟಾ ಕಡೆ ಹೊರಟರು.

ಆರೋಗ್ಯ ಸ್ವಲ್ಪ ಸುಧಾರಿಸಿದಾಗ ವೃತ್ತಿಯನ್ನೇ ಬಿಟ್ಟು, ಅಣ್ಣತಮ್ಮಂದಿರ ಜೊತೆ ಮೊಂಟಾನಾದಲ್ಲಿ ಕುರಿ ಸಾಕಣೆಗೆ ಇಳಿದರು. ಆ ಚಳಿಗಾಲದ ಹಿಮಗಾಳಿಗೆ ಕುರಿಗಳು ಸತ್ತುಹೋದವು, ಹಾಕಿದ ದುಡ್ಡೆಲ್ಲ ಮುಳುಗಿತು. ಪರವೂರಿನಲ್ಲಿ ಸಾಲಸೋಲ ಮಾಡಿ ವ್ಯಾಪಾರ ಶುರು ಮಾಡಿ ಕೈಸುಟ್ಟುಕೊಂಡವರಿಗೆ ಈ ನೋವು ಹೊಸದೇನಲ್ಲ. ಆ್ಯಂಗಲ್ ಮತ್ತೆ ಮಿನಿಯಾಪೊಲಿಸ್‌ಗೆ ಬಂದು ಹಲ್ಲಿನ ಕೆಲಸವನ್ನೇ ಕೈಗೆತ್ತಿಕೊಂಡರು. 1886ರಿಂದ ಅಲ್ಲಿನ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳತೊಡಗಿದರು.

ಮೂರು ವರ್ಗ

ಆಗಿನ ಕಾಲದಲ್ಲಿ ವಕ್ರ ಹಲ್ಲು ನೆಟ್ಟಗೆ ಮಾಡುವುದು ಸಾಮಾನ್ಯ ದಂತವೈದ್ಯರ ಸೈಡ್ ಕೆಲಸ. ಒಬ್ಬೊಬ್ಬರದು ಒಂದೊಂದು ತಂತಿ, ಒಂದೊಂದು ಸ್ಕ್ರೂ. ಯಾವ ಮಗುವಿಗೆ ಏನು ತೊಂದರೆ ಎಂದು ಹೇಳಲು ಎಲ್ಲರಿಗೂ ಒಪ್ಪಿಗೆಯಾದ ಭಾಷೆಯೇ ಇರಲಿಲ್ಲ. ಆ್ಯಂಗಲ್ 1892ರಲ್ಲಿ ಉಳಿದ ದಂತಚಿಕಿತ್ಸೆ ಬಿಟ್ಟು ಇದೊಂದನ್ನೇ ಮಾಡಲು ಶುರು ಮಾಡಿದರು.

1899ರಲ್ಲಿ ಅವರು ಪ್ರಕಟಿಸಿದ ವರ್ಗೀಕರಣ ಬಹಳ ಸರಳ. ಮಗುವಿಗೆ ಸುಮಾರು ಆರನೇ ವರ್ಷಕ್ಕೆ ಬರುವ ಮೊದಲ ಶಾಶ್ವತ ದವಡೆ ಹಲ್ಲನ್ನೇ ಅವರು ಅಳತೆಗೋಲು ಮಾಡಿಕೊಂಡರು. ಮೇಲಿನ ಮತ್ತು ಕೆಳಗಿನ ದವಡೆ ಹಲ್ಲು ಸರಿಯಾಗಿ ಕೂತು, ಉಳಿದ ಹಲ್ಲು ಮಾತ್ರ ಓರೆಕೋರೆಯಾಗಿದ್ದರೆ ಒಂದನೇ ವರ್ಗ. ಕೆಳಗಿನದು ಹಿಂದೆ ಸರಿದಿದ್ದರೆ ಎರಡನೇ ವರ್ಗ. ಮೇಲಿನ ಹಲ್ಲು ಉಬ್ಬಿರುವ ಬಹಳ ಮಕ್ಕಳು ಇದರಲ್ಲಿ ಬರುತ್ತಾರೆ. ಕೆಳಗಿನದು ಮುಂದೆ ಬಂದಿದ್ದರೆ ಮೂರನೇ ವರ್ಗ. ಇವತ್ತಿಗೂ ಮಣಿಪಾಲ, ಮಂಗಳೂರಿನ ಡೆಂಟಲ್ ಕಾಲೇಜುಗಳಿಂದ ಹಿಡಿದು ಟೆಕ್ಸಾಸ್‌ವರೆಗೆ ವಿದ್ಯಾರ್ಥಿಗಳು ಮೊದಲು ಕಲಿಯುವುದು ಇದನ್ನೇ. ಮಗುವಿನ ಫೈಲಿನಲ್ಲಿ ಕ್ಲಾಸ್ ಟೂ ಎಂದು ಬರೆದಿದ್ದರೆ ಅದು ಆ್ಯಂಗಲ್ ಬಿಟ್ಟುಹೋದ ಭಾಷೆ.

1900ರಲ್ಲಿ ಸೇಂಟ್ ಲೂಯಿಸ್‌ನಲ್ಲಿ ಈ ವಿಷಯಕ್ಕೆಂದೇ ಶಾಲೆ ತೆರೆದರು. ಅದರ ಬೆನ್ನಿಗೇ ವೈದ್ಯರ ಸಂಘವೂ ಹುಟ್ಟಿತು. ಶಾಲೆಯಲ್ಲಿ ಕಲಿತ, ಸಂಘದ ಕಾರ್ಯದರ್ಶಿಯಾಗಿ ದುಡಿದ ಅನ್ನಾ ಹಾಪ್ಕಿನ್ಸ್ ಅವರನ್ನು 1908ರಲ್ಲಿ ಮದುವೆಯಾದರು. ಕೊನೆಯವರೆಗೂ ಅವರ ಬರವಣಿಗೆ, ಶಾಲೆ ಎಲ್ಲಕ್ಕೂ ಬೆನ್ನೆಲುಬಾಗಿ ನಿಂತವರು ಈ ಅನ್ನಾ.

ಕೀಳಬೇಕೋ, ಉಳಿಸಬೇಕೋ

ಆ್ಯಂಗಲ್ ಮಹಾ ಹಟವಾದಿ. ಪ್ರಕೃತಿ ಕೊಟ್ಟ ಹಲ್ಲು ಪೂರ್ತಿ ಉಳಿಯಬೇಕು, ಎಲ್ಲ ಹಲ್ಲು ಸರಿಯಾಗಿ ಕೂತರೆ ಮುಖವೂ ತಾನಾಗಿ ಚೆಂದವಾಗುತ್ತದೆ ಎಂಬುದು ಅವರ ನಂಬಿಕೆ. ಇದಕ್ಕೆ ಎದುರಾದವರು ಡಾ. ಕ್ಯಾಲ್ವಿನ್ ಕೇಸ್. ಕೆಲವು ಮಕ್ಕಳ ದವಡೆಯಲ್ಲಿ ಎಲ್ಲ ಹಲ್ಲಿಗೂ ಜಾಗ ಇರುವುದಿಲ್ಲ, ಅಂಥವರಿಗೆ ಹಲ್ಲು ಕೀಳುವುದೇ ಸರಿ ಎಂದು ಅವರು ವಾದಿಸಿದರು. 1911ರಲ್ಲಿ ಈ ಜಗಳ ದೊಡ್ಡ ಸಭೆಯನ್ನೇ ಹತ್ತಿತು. ಆ್ಯಂಗಲ್ ಪರ ವಾದಿಸಿದ್ದು ಅವರ ಶಿಷ್ಯ ಮಾರ್ಟಿನ್ ಡ್ಯೂಯಿ. ಮುಂದೆ ಬಹುಕಾಲ ಅಮೆರಿಕದಲ್ಲಿ ಆ್ಯಂಗಲ್ ಮಾತೇ ನಡೆಯಿತು.

ಕ್ಯಾಲಿಫೋರ್ನಿಯಾದ ಪಸಡೀನಾಕ್ಕೆ ಹೋದ ಮೇಲೂ ಅವರು ಸುಮ್ಮನೆ ಕೂರಲಿಲ್ಲ. ಹಳೆಯ ಸಾಧನ ಹಲ್ಲಿನ ತಲೆಯನ್ನು ಓರೆ ಮಾಡುತ್ತಿತ್ತೇ ಹೊರತು ಬೇರನ್ನು ಬೇಕಾದಂತೆ ಕದಲಿಸುತ್ತಿರಲಿಲ್ಲ. 1925ರಲ್ಲಿ, ಎಪ್ಪತ್ತರ ವಯಸ್ಸಿನಲ್ಲಿ, ಎಡ್ಜ್‌ವೈಸ್ ಬ್ರಾಕೆಟ್ ತಂದರು. ಇಂಚಿನ ಸಾವಿರದಲ್ಲಿ 22 ಮತ್ತು 28 ಭಾಗದ ಅಳತೆಯ ಆಯತಾಕಾರದ ಗಾಡಿ, ಅದರೊಳಗೆ ಅದೇ ಆಕಾರದ ತಂತಿ. ಅಲನ್ ಕೀ ಹಿಡಿದು ಕೆಲಸ ಮಾಡಿದವರಿಗೆ ಇದು ಕೂಡಲೇ ಅರ್ಥವಾಗುತ್ತದೆ: ದುಂಡಗಿನ ಸರಳು ತೂತಿನೊಳಗೆ ಸುಮ್ಮನೆ ತಿರುಗುತ್ತದೆ, ಮೂಲೆಯಿರುವುದು ಹಿಡಿದು ತಿರುಗಿಸುತ್ತದೆ. ಆಗ ತಂತಿ ಚಿನ್ನದ್ದು, ಈಗ ಸ್ಟೀಲು ಮತ್ತು ಬೇರೆ ಮಿಶ್ರಲೋಹ. ಮೂಲ ಉಪಾಯ ಮಾತ್ರ ಅದೇ.

1930ರ ಆಗಸ್ಟ್ 11ರಂದು ಸಾಂಟಾ ಮೋನಿಕಾದಲ್ಲಿ ಆ್ಯಂಗಲ್ ತೀರಿಕೊಂಡರು.

ಶಿಷ್ಯನೇ ತಿದ್ದಿದ

ಅವರ ಮೆಚ್ಚಿನ ಶಿಷ್ಯ, ಅರಿಜೋನಾದ ಚಾರ್ಲ್ಸ್ ಟ್ವೀಡ್, ಗುರು ಹೇಳಿದಂತೆ ಒಂದೂ ಹಲ್ಲು ಕೀಳದೆ ಆರು ವರ್ಷಕ್ಕೂ ಮಿಕ್ಕಿ ಚಿಕಿತ್ಸೆ ಮಾಡಿದರು. ಆಮೇಲೆ ತಮ್ಮ ರೋಗಿಗಳನ್ನೇ ಮತ್ತೆ ಪರೀಕ್ಷಿಸಿದರೆ, ಹಲವರ ಹಲ್ಲು ಮತ್ತೆ ಸೊಟ್ಟಗಾಗಿತ್ತು, ಬಾಯಿ ಉಬ್ಬಿಕೊಂಡಿತ್ತು. ಅಂಥವರಿಗೆ ಕೋರೆ ಹಲ್ಲಿನ ಹಿಂದಿನ ನಾಲ್ಕು ಹಲ್ಲು ತೆಗೆದು ಮತ್ತೆ ಚಿಕಿತ್ಸೆ ಕೊಟ್ಟರು. ಫಲಿತಾಂಶವನ್ನು ಎಲ್ಲರ ಮುಂದಿಟ್ಟರು. ಗುರುವಿನ ಸಾಧನದಿಂದಲೇ ಗುರುವಿನ ಹಟ ಮುರಿಯಿತು.

ಈಗ ಎಲ್ಲರಿಗೂ ಕೀಳುವುದೂ ಇಲ್ಲ, ಯಾರಿಗೂ ಕೀಳಬಾರದು ಎಂದೂ ಇಲ್ಲ. ಎಕ್ಸ್‌ರೇ, ಅಚ್ಚು ನೋಡಿ, ಜಾಗ ಅಳೆದು ತೀರ್ಮಾನಿಸುತ್ತಾರೆ. ಡಾಕ್ಟರ್ ಹಲ್ಲು ಕೀಳಬೇಕು ಎಂದರೆ ಹೆದರಬೇಡಿ. ಯಾಕೆ, ಎಷ್ಟು ಜಾಗ ಕಡಿಮೆ ಇದೆ ಎಂದು ಧೈರ್ಯವಾಗಿ ಕೇಳಿ.

ಆ್ಯಂಗಲ್ ಕಟ್ಟಿದ ಸಂಘದಿಂದ ಬೆಳೆದ ಅಮೆರಿಕದ ಇಂದಿನ ಸಂಘ, ಏಳು ವರ್ಷದೊಳಗೆ ಮಗುವನ್ನು ಒಮ್ಮೆ ತೋರಿಸಲು ಹೇಳುತ್ತದೆ. ಆಗಲೇ ಕ್ಲಿಪ್ ಹಾಕುತ್ತಾರೆ ಎಂದಲ್ಲ, ಬೆಳವಣಿಗೆ ನೋಡಲು. ಚಿಕಿತ್ಸೆ ಸಾಮಾನ್ಯವಾಗಿ ಒಂದೂವರೆ, ಎರಡು ವರ್ಷ ಹಿಡಿಯುತ್ತದೆ. ಕೆಲವು ವಾರಕ್ಕೊಮ್ಮೆ ತಂತಿ ನೋಡಿಸಬೇಕು. ಹಾಗಾಗಿ ರಜೆಗೆ ಊರಿಗೆ ಹೋದಾಗ ಹಾಕಿಸಿ ವಾಪಸ್ ಬರುವ ಲೆಕ್ಕಾಚಾರ ಕೈಕೊಡುತ್ತದೆ. ಮಗು ಎಲ್ಲಿ ಓದುತ್ತದೋ ಅಲ್ಲೇ ಶುರು ಮಾಡುವುದು ಮೇಲು. ನಡುವೆ ವೀಸಾ ಮುಗಿದು ಊರಿಗೆ ಹೋಗಬೇಕಾಗಿ ಬಂದರೆ ಎಕ್ಸ್‌ರೇ, ಅಚ್ಚು, ಚಿಕಿತ್ಸೆಯ ದಾಖಲೆ ಕೇಳಿ ಪಡೆದುಕೊಳ್ಳಿ. ಕ್ಲಿಪ್ ತೆಗೆದ ಮೇಲೆ ಕೊಡುವ ರಿಟೇನರ್ ಅನ್ನು ಡಾಕ್ಟರ್ ಹೇಳಿದಷ್ಟು ಕಾಲ ಹಾಕಿಕೊಳ್ಳದಿದ್ದರೆ ಹಲ್ಲು ಮತ್ತೆ ಹಳೇ ಜಾಗಕ್ಕೆ ಜಾರುತ್ತದೆ, ಕಷ್ಟಪಟ್ಟು ದುಡಿದು ಕಳಿಸಿದ ದುಡ್ಡೂ ಅದರ ಜೊತೆಗೇ ಹೋಗುತ್ತದೆ.