ಜಿಮಿ ಹೆಂಡ್ರಿಕ್ಸ್

ಜಿಮಿ ಹೆಂಡ್ರಿಕ್ಸ್ (27 ನವೆಂಬರ್ 1942 – 18 ಸೆಪ್ಟೆಂಬರ್ 1970) ಅಮೆರಿಕದ ರಾಕ್ ಗಿಟಾರ್ ವಾದಕರು, ಗಾಯಕರು ಹಾಗೂ ಗೀತರಚನಕಾರರು. ಸಿಯಾಟಲ್ ನಗರದ ಬಡ ಕುಟುಂಬದಲ್ಲಿ ಜನಿಸಿದರು. ಎಡಗೈಯವರಾದ ಇವರು ಬಲಗೈಯವರ ಗಿಟಾರನ್ನೇ ತಿರುಗಿಸಿ ಹಿಡಿದು ನುಡಿಸುತ್ತಿದ್ದರು. 1966ರಲ್ಲಿ ಲಂಡನ್ನಿಗೆ ತೆರಳಿದ ಮೇಲೆ ಅವರಿಗೆ ಖ್ಯಾತಿ ದೊರೆಯಿತು.

1967ರ ಡಿಸೆಂಬರಿನಲ್ಲಿ ಬಿಡುಗಡೆಯಾದ ‘ಆಕ್ಸಿಸ್: ಬೋಲ್ಡ್ ಆ್ಯಸ್ ಲವ್’ ಇವರ ಎರಡನೆಯ ಆಲ್ಬಮ್. ಅದರ ಕೊನೆಯ ಹಾಡಾದ ‘ಬೋಲ್ಡ್ ಆ್ಯಸ್ ಲವ್’ ಟೇಪ್ ಫ್ಲ್ಯಾಂಜಿಂಗ್ ತಂತ್ರಕ್ಕೆ ಪ್ರಸಿದ್ಧವಾಗಿದೆ. ಒಂದೇ ಮುದ್ರಣವನ್ನು ಎರಡು ಟೇಪ್ ಯಂತ್ರಗಳಲ್ಲಿ ಒಟ್ಟಿಗೆ ನುಡಿಸಿ, ಒಂದರ ವೇಗವನ್ನು ತುಸು ಬದಲಿಸಿದರೆ, ಕೆಲವು ಮಿಲಿಸೆಕೆಂಡುಗಳ ಅಂತರ ಉಂಟಾಗುತ್ತದೆ. ಆಗ ಕೆಲವು ಆವರ್ತನಗಳು ಪರಸ್ಪರ ರದ್ದಾಗಿ, ಕೆಲವು ಹಿಗ್ಗಿ, ಜೆಟ್ ವಿಮಾನ ಹಾದುಹೋದಂತಹ ನಾದ ಕೇಳಿಬರುತ್ತದೆ. ಟೇಪ್ ಸುರುಳಿಯ ಅಂಚನ್ನು ಬೆರಳಿನಿಂದ ಒತ್ತಿ ವೇಗ ತಗ್ಗಿಸುವುದೂ ಉಂಟು. ಇಂಗ್ಲಿಷಿನಲ್ಲಿ ಆ ಅಂಚಿಗೆ ಫ್ಲ್ಯಾಂಜ್ ಎನ್ನುತ್ತಾರೆ.

ಲಂಡನ್ನಿನ ಒಲಿಂಪಿಕ್ ಸ್ಟುಡಿಯೋದಲ್ಲಿ ತಂತ್ರಜ್ಞ ಎಡ್ಡಿ ಕ್ರೇಮರ್ ಮತ್ತು ಅವರ ಸಹಾಯಕರು ಈ ನಾದವನ್ನು ಸ್ಟೀರಿಯೋದಲ್ಲಿ ಸಾಧಿಸಿದರು. ಹಾಡು ಮುಗಿಯಿತೆನ್ನುವಾಗ ಡ್ರಮ್ ಮಾತ್ರ ಮೊಳಗಿ, ಆ ಮೊಳಗಿನ ಮೇಲೆಯೇ ಪರಿಣಾಮ ಹರಿದು, ಬಳಿಕ ಗಿಟಾರನ್ನೂ ಆವರಿಸುತ್ತದೆ. ಅಲ್ಲಿಯವರೆಗೆ ಅದನ್ನು ಕಾದಿರಿಸಿದ್ದರಿಂದಲೇ ಆ ಕ್ಷಣಕ್ಕೆ ಬಲ ಬಂದಿದೆ. ಆದಿಯಿಂದ ಬಳಸಿದ್ದರೆ ಕಿವಿ ಅದಕ್ಕೆ ಒಗ್ಗಿಹೋಗುತ್ತಿತ್ತು.

ನಿದ್ರಾಮಾತ್ರೆಗಳ ಅತಿಸೇವನೆಯ ಪರಿಣಾಮವಾಗಿ ಹೆಂಡ್ರಿಕ್ಸ್ ಲಂಡನ್ನಿನಲ್ಲಿ ನಿಧನರಾದಾಗ ಅವರಿಗೆ 27 ವರ್ಷ. ಅವರ ಜೀವಿತಾವಧಿಯಲ್ಲಿ ಪ್ರಕಟವಾದ ಸ್ಟುಡಿಯೋ ಆಲ್ಬಮ್‌ಗಳು ಮೂರು.