ಮಿಖಾಯಿಲ್ ತ್ಸ್ವೆತ್ (1872–1919): ಸಂಕ್ಷಿಪ್ತ ಜೀವನ ಪರಿಚಯ

ಆಹಾರ, ಔಷಧ ಮುಂತಾದ ಮಾದರಿಗಳನ್ನು ಪರೀಕ್ಷೆಗೆ ಸಲ್ಲಿಸುವ ಸಾರ್ವಜನಿಕರ ಮಾಹಿತಿಗಾಗಿ, ಕ್ರೊಮಟೋಗ್ರಫಿ ವಿಧಾನದ ಜನಕರಾದ ಮಿಖಾಯಿಲ್ ತ್ಸ್ವೆತ್ ಅವರ ಜೀವನ ವಿವರವನ್ನು ಈ ಕೆಳಗೆ ನೀಡಲಾಗಿದೆ.

ಜನನ ಮತ್ತು ವಿದ್ಯಾಭ್ಯಾಸ:
ತ್ಸ್ವೆತ್ ಅವರು 1872ರ ಮೇ 14ರಂದು ಇಟಲಿಯ ಆಸ್ಟಿ ಪಟ್ಟಣದಲ್ಲಿ ಜನಿಸಿದರು. ತಂದೆ ರಷ್ಯಾದ ಸರ್ಕಾರಿ ಅಧಿಕಾರಿ. ಮಗು ಜನಿಸಿದ ಕೆಲವೇ ದಿನಗಳಲ್ಲಿ ತಾಯಿ ನಿಧನರಾದರು. ಸ್ವಿಟ್ಜರ್ಲೆಂಡಿನಲ್ಲಿ ಬೆಳೆದ ಅವರು 1896ರಲ್ಲಿ ಜಿನೀವಾ ವಿಶ್ವವಿದ್ಯಾಲಯದಿಂದ ಡಾಕ್ಟರೇಟ್ ಪದವಿ ಪಡೆದು ರಷ್ಯಾಕ್ಕೆ ತೆರಳಿದರು. ವಿದೇಶಿ ಪದವಿಗೆ ಅಲ್ಲಿ ಮಾನ್ಯತೆ ಇರಲಿಲ್ಲವಾದ್ದರಿಂದ ಮತ್ತೆ ವ್ಯಾಸಂಗ ಮಾಡಿ, 1901ರಲ್ಲಿ ಕಜಾನ್‌ನಲ್ಲಿ ಸ್ನಾತಕೋತ್ತರ ಪದವಿ ಪಡೆಯಬೇಕಾಯಿತು. ಅನಂತರ ವಾರ್ಸಾದಲ್ಲಿ ಸೇವೆಗೆ ಸೇರಿದರು.

ಸಂಶೋಧನೆ:
ಎಲೆಯ ಬಣ್ಣವು ಹಲವು ವರ್ಣಕಗಳ ಮಿಶ್ರಣ. ಇವುಗಳನ್ನು ಕೆಡಿಸದೆ ಬೇರ್ಪಡಿಸುವುದು ಅಂದಿನ ಸಮಸ್ಯೆಯಾಗಿತ್ತು. ತ್ಸ್ವೆತ್ ಅವರು ಗಾಜಿನ ಕೊಳವೆಯಲ್ಲಿ ನುಣ್ಣನೆಯ ಪುಡಿಯನ್ನು ಒತ್ತಾಗಿ ತುಂಬಿ, ಎಲೆಯ ಸಾರವನ್ನು ಮೇಲಿನಿಂದ ಹಾಯಿಸಿದರು. ಹಸಿರು, ಹಳದಿ ಪಟ್ಟಿಗಳು ಬೇರೆ ಬೇರೆ ಎತ್ತರಗಳಲ್ಲಿ ಮೂಡಿದವು. ಪುಡಿಯು ವರ್ಣಕವನ್ನು ಹಿಡಿದಿಡಬೇಕು, ಆದರೆ ಮಾರ್ಪಡಿಸಬಾರದು, ದ್ರಾವಕದಲ್ಲಿ ಕರಗಬಾರದು. ಇದಕ್ಕಾಗಿ ಅವರು ನೂರಕ್ಕೂ ಹೆಚ್ಚು ಪುಡಿಗಳನ್ನು ಪರೀಕ್ಷಿಸಿದರು. ಕ್ಯಾಲ್ಸಿಯಂ ಕಾರ್ಬೋನೇಟ್, ಇನುಲಿನ್ ಮತ್ತು ಸಕ್ಕರೆ ಸೂಕ್ತವೆಂದು ಕಂಡುಬಂದವು. 1903ರಲ್ಲಿ ವಾರ್ಸಾದಲ್ಲಿ ಈ ಕುರಿತು ಉಪನ್ಯಾಸ ನೀಡಿ, 1906ರಲ್ಲಿ ವಿಧಾನಕ್ಕೆ ಕ್ರೊಮಟೋಗ್ರಫಿ, ಅಂದರೆ ವರ್ಣಲೇಖನ, ಎಂದು ಹೆಸರಿಟ್ಟರು. ರಷ್ಯನ್ ಭಾಷೆಯಲ್ಲಿ ತ್ಸ್ವೆತ್ ಎಂಬುದಕ್ಕೂ ಬಣ್ಣ ಎಂದೇ ಅರ್ಥ.

ಅಂತಿಮ ದಿನಗಳು:
ಅಂದಿನ ಪ್ರಮುಖ ರಸಾಯನ ವಿಜ್ಞಾನಿಗಳು ಈ ವಿಧಾನವನ್ನು ನಂಬಲಿಲ್ಲ. ಮೊದಲನೆಯ ಮಹಾಯುದ್ಧದ ಕಾರಣ 1915ರಲ್ಲಿ ಅವರು ವಾರ್ಸಾ ತೊರೆದರು. 1917ರಲ್ಲಿ ತಾರ್ತುವಿನಲ್ಲಿ ಪ್ರಾಧ್ಯಾಪಕರಾದರೂ, ಮರುವರ್ಷವೇ ವೊರೊನೆಜ್‌ಗೆ ಸ್ಥಳಾಂತರಗೊಳ್ಳಬೇಕಾಯಿತು. 1918ರಲ್ಲಿ ಅವರ ಹೆಸರು ನೊಬೆಲ್ ಪ್ರಶಸ್ತಿಗೆ ಸೂಚಿಸಲ್ಪಟ್ಟಿತ್ತು, ಪ್ರಶಸ್ತಿ ದೊರೆಯಲಿಲ್ಲ. 1919ರ ಜೂನ್ 26ರಂದು, ತಮ್ಮ 47ನೆಯ ವಯಸ್ಸಿನಲ್ಲಿ, ವೊರೊನೆಜ್‌ನಲ್ಲಿ ನಿಧನರಾದರು. 1931ರಲ್ಲಿ ಜರ್ಮನಿಯ ಹೈಡೆಲ್‌ಬರ್ಗ್‌ನ ವಿಜ್ಞಾನಿಗಳು ಇದೇ ವಿಧಾನದಿಂದ ವರ್ಣಕಗಳನ್ನು ಬೇರ್ಪಡಿಸಿದ ಮೇಲೆ ಅದು ಎಲ್ಲೆಡೆ ಬಳಕೆಗೆ ಬಂದಿತು.

ಇಂದಿನ ಬಳಕೆ:
1959ರಲ್ಲಿ ಸ್ವೀಡನ್‌ನ ಪೊರಾತ್ ಮತ್ತು ಫ್ಲೊಡಿನ್ ಅವರು ಡೆಕ್ಸ್‌ಟ್ರಾನ್‌ನ ರಂಧ್ರಯುಕ್ತ ಮಣಿಗಳನ್ನು ಕೊಳವೆಗೆ ತುಂಬಿ, ಅಣುಗಳನ್ನು ಗಾತ್ರಾನುಸಾರ ಬೇರ್ಪಡಿಸುವ ಕ್ರಮವನ್ನು ಪ್ರಕಟಿಸಿದರು. ರಂಧ್ರದೊಳಗೆ ಹೋಗಲಾರದ ದೊಡ್ಡ ಅಣುಗಳು ಮೊದಲು, ಸಣ್ಣವು ಅನಂತರ ಹೊರಬರುತ್ತವೆ. ಇಲ್ಲಿ ಮಣಿಯು ಅಣುವನ್ನು ಹಿಡಿದಿಡಲೇಬಾರದು. ನೀರಿನಲ್ಲಿ ಕರಗುವ ಪ್ರೋಟೀನಿಗೆ ಡೆಕ್ಸ್‌ಟ್ರಾನ್ ಅಥವಾ ಅಗರೋಸ್, ಸಾವಯವ ದ್ರಾವಕದಲ್ಲಿ ಕರಗುವ ಪ್ಲಾಸ್ಟಿಕ್ಕಿಗೆ ಪಾಲಿಸ್ಟೈರೀನ್ ಸೂಕ್ತ. ರಂಧ್ರದ ಅಳತೆಯು ಅಣುವಿನ ಗಾತ್ರಕ್ಕೆ ಹೊಂದಬೇಕು.

ತುಂಬುವ ವಸ್ತುವಿನ ಆಯ್ಕೆ ತಪ್ಪಿದಲ್ಲಿ ಫಲಿತಾಂಶವೂ ತಪ್ಪುತ್ತದೆ. ಆದುದರಿಂದ ಅರ್ಜಿದಾರರು ಮಾದರಿಯ ಸ್ವರೂಪವನ್ನೂ ಪರೀಕ್ಷೆಯ ಉದ್ದೇಶವನ್ನೂ ಅರ್ಜಿಯಲ್ಲಿ ಸ್ಪಷ್ಟವಾಗಿ ನಮೂದಿಸುವುದು ಸೂಕ್ತ.